ಗೋಧಿ ಹೊಲದಲ್ಲಿ ದುಂಡನೆಯ ಹಳದಿ ತೇಪೆಗಳಿವೆ, ಹೇನೂ ಇದೆ: ಯೂರಿಯಾ ಕೊಡಲೇ, ಕೀಟನಾಶಕ ಸಿಂಪಡಿಸಲೇ?

ಬಿತ್ತಿ ಒಂದೂವರೆ ತಿಂಗಳಾದ ಗೋಧಿಯಲ್ಲಿ ಅಲ್ಲಲ್ಲಿ ಕುಳ್ಳಾದ ಹಳದಿ ಗಿಡಗಳು, ಜೊತೆಗೆ ಗಿಡದ ರಸ ಹೀರುವ ಒಂದಿಷ್ಟು ಸಸ್ಯಹೇನು ಎಂದು ನೀವು ಬರೆದದ್ದನ್ನು ಓದಿದಾಗ ನನ್ನದೇ ಹಳೆಯ ಹೊಲ ಕಣ್ಣ ಮುಂದೆ ಬಂತು. ಅಂದು ನಾನು ಯೂರಿಯಾ ಹಾಕಿದೆ. ನನ್ನನ್ನು ಮುಳುಗಿಸಿದ್ದು ಅದೇ.

ಎಲೆ ಹಳದಿಯಾದರೆ ಸಾರಜನಕದ ಕೊರತೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಆದರೆ ಸಾರಜನಕ ಸಾಲದಿದ್ದರೆ ಬುಡದ ಹಳೆಯ ಎಲೆಗಳು ಮೊದಲು ಬಿಳಿಚಿಕೊಳ್ಳುತ್ತವೆ, ಸಾಮಾನ್ಯವಾಗಿ ಹೊಲದ ದೊಡ್ಡ ಭಾಗವೇ ಒಂದೇ ಸಮನೆ ಬಣ್ಣಗೆಡುತ್ತದೆ. ನನ್ನಲ್ಲಿ ಹಾಗಿರಲಿಲ್ಲ. ಸುತ್ತಲಿನ ಪೈರು ಹಸಿರಾಗಿ ಏಳುತ್ತಿದ್ದಾಗ ತೇಪೆಯೊಳಗಿನ ಗಿಡಗಳು ಗೇಣುದ್ದಕ್ಕೇ ನಿಂತಿದ್ದವು. ಹಳದಿ ಬಣ್ಣ ಎಲೆಯ ತುದಿಯಿಂದ ಹೊರಟು ಅಂಚುಗುಂಟ ಇಳಿದಿತ್ತು, ನಡುನರದ ಪಕ್ಕ ಮಾತ್ರ ಹಸಿರು ಉಳಿದಿತ್ತು. ಇದನ್ನೆಲ್ಲ ನೋಡಿಯೂ ಗೊಬ್ಬರ ಎರಚಿ, ಇಂದು ಹಸಿರಾದೀತು, ನಾಳೆ ಹಸಿರಾದೀತು ಎಂದು ಮೂರು ವಾರ ಕಾದೆ. ಗೊಬ್ಬರಕ್ಕೆ ಹೋದ ಹಣ ದೊಡ್ಡದಲ್ಲ, ಆ ಮೂರು ವಾರಗಳೇ ನನ್ನ ನಷ್ಟ. ಅಷ್ಟರಲ್ಲಿ ಹೇನುಗಳು ತೇಪೆಯ ಅಂಚಿನಿಂದ ಆರೋಗ್ಯವಂತ ಗಿಡಗಳಿಗೆ ನಡೆದುಹೋಗಿದ್ದವು, ಸಾರಜನಕ ಉಂಡು ಮೆತ್ತಗಾದ ಎಲೆಗಳು ಅವುಗಳಿಗೆ ಇನ್ನೂ ಒಳ್ಳೆಯ ಮೇವಾಗಿದ್ದವು.

ಅದು ಬಾರ್ಲಿ ಹಳದಿ ಕುಬ್ಜ ನಂಜುರೋಗ, ಅಂದರೆ ವೈರಸ್‌ನಿಂದ ಬರುವ ರೋಗ. ಹೆಸರಿನಲ್ಲಿ ಬಾರ್ಲಿ ಇದ್ದರೂ ಗೋಧಿ, ಓಟ್ಸ್ ಮತ್ತು ಅನೇಕ ಹುಲ್ಲುಗಳಿಗೂ ತಗಲುತ್ತದೆ. ಇದು ಹೇನು ಹರಡುವ ನಂಜೆಂದು 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಸ್ಯರೋಗ ತಜ್ಞರಾದ ಆಸ್ವಾಲ್ಡ್ ಮತ್ತು ಹೂಸ್ಟನ್ ತೋರಿಸಿಕೊಟ್ಟರು. ಈ ನಂಜಾಣು ಗಿಡದೊಳಗೆ ಆಹಾರ ಸಾಗಿಸುವ ನಾಳದಲ್ಲಿ ಮಾತ್ರ ಬದುಕುವುದರಿಂದ, ಹೇನು ತನ್ನ ಸೂಜಿಯಂಥ ಬಾಯಿಯನ್ನು ಅಲ್ಲಿಯವರೆಗೆ ಇಳಿಸಿ ಬಹಳ ಹೊತ್ತು ರಸ ಹೀರಬೇಕು. ಹೀರಿದ ನಂಜು ಅದರ ಕರುಳನ್ನು ದಾಟಿ ಜೊಲ್ಲಿನ ಗ್ರಂಥಿಗೆ ಸೇರಲು ಒಂದೆರಡು ದಿನ ಹಿಡಿಯುತ್ತದೆ, ಆಮೇಲೆ ಆ ಹೇನು ಸಾಯುವವರೆಗೂ ರೋಗ ಹಂಚುತ್ತದೆ. ಮರಿಗಳು ನಂಜಿಲ್ಲದೆಯೇ ಹುಟ್ಟುತ್ತವೆ, ಆದರೆ ಹುಟ್ಟಿದ ಗಿಡವೇ ರೋಗಿಯಾದ್ದರಿಂದ ಬೇಗನೆ ನಂಜು ಹೊರುತ್ತವೆ. ಬೀಜದಿಂದ ಈ ರೋಗ ಬರುವುದಿಲ್ಲ. ಗಾಳಿಯಲ್ಲಿ ಬಂದ ಒಂದು ರೆಕ್ಕೆಯ ಹೇನು ಇಳಿದ ಜಾಗವೇ ನಿಮ್ಮ ತೇಪೆಯ ನಡುಭಾಗ, ಅದರ ರೆಕ್ಕೆಯಿಲ್ಲದ ಸಂತಾನ ನಡೆದಷ್ಟು ದೂರ ತೇಪೆಯ ಅಗಲ. ಸೋಂಕು ತಗಲಿದ ಎರಡು ಮೂರು ವಾರಗಳ ಮೇಲಷ್ಟೇ ಬಣ್ಣ ಬದಲಾಗುವುದರಿಂದ ನೀವು ಈಗ ನೋಡುತ್ತಿರುವುದು ಹಳೆಯ ಕಥೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಳದಿಯಾದ ಗಿಡವನ್ನು ಯೂರಿಯಾ ಗುಣಪಡಿಸದು, ಕೀಟನಾಶಕವೂ ಗುಣಪಡಿಸದು. ಕೇಳಬೇಕಾದದ್ದು, ಬಿತ್ತುವ ಮೊದಲು ಹೇನು ಎಲ್ಲಿ ಬದುಕಿತ್ತು ಎಂಬುದನ್ನು. ನನ್ನಲ್ಲಿ ಅದು ಬದುವಿನ ಹುಲ್ಲಿನಲ್ಲಿ ಮತ್ತು ಹಿಂದಿನ ಬೆಳೆಯ ಉದುರಿದ ಕಾಳಿನಿಂದ ತಾನಾಗಿ ಎದ್ದ ಗಿಡಗಳಲ್ಲಿತ್ತು. ಈಗ ಬಿತ್ತನೆಗೆ ಕೆಲವು ವಾರ ಮುಂಚೆಯೇ ಅವನ್ನು ಕಿತ್ತು ಒಣಗಿಸುತ್ತೇನೆ, ಅವಸರದಿಂದ ತೀರ ಮುಂಚಿತವಾಗಿ ಬಿತ್ತುವುದಿಲ್ಲ, ಮೊಳಕೆಯೊಡೆದ ದಿನದಿಂದಲೇ ಹೇನು ಹುಡುಕುತ್ತೇನೆ.

ಈ ಬೆಳೆಗೆ ಸಿಂಪಡಿಸಬೇಕೋ ಬೇಡವೋ ಎಂಬುದನ್ನು ಗಿಡವನ್ನೇ ಕೇಳಿ. ತೇಪೆಯ ಹೊರ ಅಂಚಿನ ಹಸಿರು ಗಿಡವೊಂದನ್ನು ಕಿತ್ತು, ಮಣ್ಣಿಗೆ ಹತ್ತಿರ ಕಾಂಡವನ್ನು ಸುತ್ತಿಕೊಂಡಿರುವ ಎಲೆಕವಚ ಬಿಡಿಸಿ ನೋಡಿ. ಹಿಂಬದಿಯಲ್ಲಿ ತುಕ್ಕಿನ ಬಣ್ಣದ ಮಚ್ಚೆಯಿರುವ ಕಡುಹಸಿರು ಹೇನುಗಳು ಅಲ್ಲಿದ್ದು, ಗಿಡ ಇನ್ನೂ ತೆಂಡೆಯೊಡೆಯುತ್ತಿದ್ದರೆ (ಬುಡದಿಂದ ಹೊಸ ಕವಲು ಹೊರಡಿಸುತ್ತಿದ್ದರೆ), ರೋಗ ಉಳಿದ ಗಿಡಗಳಿಗೆ ಹರಡದಂತೆ ತಡೆಯಲು ಸಿಂಪಡಣೆಗೆ ಅರ್ಥವಿದೆ. ಕಾಂಡದಲ್ಲಿ ಗೆಣ್ಣು ಕೈಗೆ ಸಿಗುವಷ್ಟು ಬೆಳೆದಿದ್ದರೆ, ಇನ್ನು ಮೇಲೆ ತಗಲುವ ಸೋಂಕಿನಿಂದ ಇಳುವರಿ ಅಷ್ಟಾಗಿ ಕುಸಿಯದು. ಆಗ ಸಿಂಪಡಿಸಿದರೆ ಹೇನು ತಿನ್ನುವ ಗುಲಗಂಜಿ ಹುಳುಗಳನ್ನೂ ಕೊಂದಂತಾಗುತ್ತದೆ.