ಮನಿಹಿಕಿ ಮತ್ತು ರಕಹಂಗ ದ್ವೀಪಗಳ ಜನ ಮೊದಲು ಒಂದೇ ಊರಿನವರಾ?

ಹೌದು, ಒಂದೇ ಊರಿನವರು. 1850ರ ಆಸುಪಾಸಿನವರೆಗೂ ಅಷ್ಟೂ ಜನ ಒಂದು ದ್ವೀಪದಲ್ಲಿರುತ್ತಿದ್ದರು, ಇನ್ನೊಂದು ಖಾಲಿ ಇರುತ್ತಿತ್ತು. ಇದನ್ನು ಓದಿದ ದಿನದಿಂದ ನನಗೆ ಈ ಎರಡು ದ್ವೀಪಗಳೆಂದರೆ ತುಂಬಾ ಪ್ರೀತಿ.

ಇವು ಪೆಸಿಫಿಕ್ ಸಾಗರದ ಕುಕ್ ದ್ವೀಪಗಳಿಗೆ ಸೇರಿದವು. ರಾಜಧಾನಿ ಇರುವ ರಾರೊಟೊಂಗದಿಂದ ಸುಮಾರು 1,200 ಕಿ.ಮೀ. ಉತ್ತರಕ್ಕಿವೆ. ಇವೆರಡರ ನಡುವೆ ಮಾತ್ರ ಸುಮಾರು 40 ಕಿ.ಮೀ. ಎರಡೂ ಹವಳದ ದ್ವೀಪಗಳು. ಉಂಗುರದ ಹಾಗೆ ಹವಳದ ದಿಬ್ಬ, ಒಳಗೆ ಲಗೂನ್, ಅಂದರೆ ಸಮುದ್ರದ ನೀರಿನ ಕೊಳ. ಬೆಟ್ಟ ಇಲ್ಲ, ಹೊಳೆ ಇಲ್ಲ.

ತಿನ್ನೋದಕ್ಕೆ ಮೀನು, ತೆಂಗು ಮತ್ತು ಪುರಾಕಾ. ಪುರಾಕಾ ಅಂದರೆ ನಮ್ಮ ಕೆಸುವಿನ ಕುಟುಂಬದ ಗಡ್ಡೆ. ಸಿಹಿನೀರು ಸಿಗುವಷ್ಟು ಆಳಕ್ಕೆ ಗುಂಡಿ ತೋಡಿ ಬೆಳೆಯುತ್ತಾರೆ. ಕೆಲವು ವರ್ಷಕ್ಕೆ ತೆಂಗು, ಗಡ್ಡೆ ಎರಡೂ ಕಡಿಮೆಯಾಗುತ್ತಿದ್ದವು. ಆಗ ಮಕ್ಕಳು ಮುದುಕರು ಸಮೇತ ಎಲ್ಲರೂ ಜೋಡಿ ದೋಣಿ ಹತ್ತಿ ಇನ್ನೊಂದು ದ್ವೀಪಕ್ಕೆ ಹೋಗುತ್ತಿದ್ದರು. ಹೊಲ ಬೀಳು ಬಿಡೋದು ನಮಗೆ ಗೊತ್ತು. ಇವರು ಇಡೀ ದ್ವೀಪವನ್ನೇ ಬೀಳು ಬಿಡುತ್ತಿದ್ದರು! ಇದಕ್ಕಿಂತ ಜಾಣ ಬೇಸಾಯ ನಾನಂತೂ ಕೇಳಿಲ್ಲ.

ಆದರೆ ಆ 40 ಕಿ.ಮೀ. ಸುಲಭದ್ದಲ್ಲ. ದ್ವೀಪಗಳು ತೀರಾ ತಗ್ಗು, ಹತ್ತಿರ ಹೋಗುವ ತನಕ ಕಾಣಿಸುವುದಿಲ್ಲ. ಗಾಳಿಗೆ ದಾರಿ ತಪ್ಪಿದರೆ ಮುಂದೆ ಬರೀ ಸಮುದ್ರ. 1849ರಲ್ಲಿ ಕ್ರೈಸ್ತ ಮಿಷನರಿಗಳು ಬಂದರು. 1852ರಲ್ಲಿ ದಾಟುವಾಗ ಬಿರುಗಾಳಿಗೆ ಸಿಕ್ಕಿ ಜನ ಸತ್ತರು. ಆಮೇಲೆ ಮಿಷನರಿಗಳ ಮಾತು ಕೇಳಿ ಜನ ಎರಡು ಪಾಲಾಗಿ ಎರಡೂ ಕಡೆ ಕಾಯಂ ಆಗಿ ನೆಲೆಸಿದರು.

ಹೋಗಿ ಬರುವುದು ನಿಂತಿತಾ? ಇಲ್ಲ. 1963ರಲ್ಲಿ ಮನಿಹಿಕಿಯ 7 ಜನ ಆಹಾರ ತರೋಕೆ ರಕಹಂಗಕ್ಕೆ ಹೋಗಿ, ವಾಪಸ್ ಬರುವಾಗ ಗಾಳಿಗೆ ಸಿಕ್ಕಿದರು. ಎರಡು ತಿಂಗಳ ಮೇಲೆ ಅವರ ದೋಣಿ ಈಗಿನ ವನುವಾಟುವಿನ ಎರೊಮಾಂಗೊ ದ್ವೀಪ ಮುಟ್ಟಿತು. ಅವರಲ್ಲಿ ಕೆಲವರು ಬದುಕಿ ಉಳಿಯಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

ಈಗ ಮನಿಹಿಕಿಯಲ್ಲಿ ಸುಮಾರು 200 ಜನ, ರಕಹಂಗದಲ್ಲಿ ಸುಮಾರು 80. ಮನಿಹಿಕಿಯ ಲಗೂನ್ ಆಳವಾದದ್ದು, ಅಲ್ಲಿ ಕಪ್ಪು ಮುತ್ತು ಬೆಳೆಯುತ್ತಾರೆ. 1997ರ ನವೆಂಬರಿನಲ್ಲಿ ಮಾರ್ಟಿನ್ ಚಂಡಮಾರುತ ಅಲ್ಲಿ 19 ಜನರನ್ನು ಬಲಿ ತೆಗೆದುಕೊಂಡಿತು. ರಕಹಂಗದಲ್ಲಿ ವಿಮಾನ ನಿಲ್ದಾಣ ಇಲ್ಲ. ಅಲ್ಲಿಗೆ ಹೋಗುವವರು ಮನಿಹಿಕಿಯವರೆಗೆ ವಿಮಾನದಲ್ಲಿ ಬಂದು, ಅದೇ 40 ಕಿ.ಮೀ. ಇವತ್ತಿಗೂ ದೋಣಿಯಲ್ಲೇ ದಾಟುತ್ತಾರೆ.