ಚಿಲ್ಲರೆಯಲ್ಲಿ ಸಿಕ್ಕ ವಿಚಿತ್ರ ನಾಣ್ಯ: ಟಂಕಸಾಲೆಯ ದೋಷವೋ, ಹೊರಗಿನ ಪೆಟ್ಟೋ?

ಕಾರವಾರದ ನಿಮ್ಮ ಕಿರಾಣಿ ಅಂಗಡಿಯ ಗಲ್ಲೆಯಲ್ಲಿ ಸಿಕ್ಕ ಮೂರು ನಾಣ್ಯಗಳ ಬಗ್ಗೆ ಕೇಳಿದ್ದೀರಿ. ಅಂಚಿನಲ್ಲಿ ಅರ್ಧಚಂದ್ರದಂತೆ ತುಂಡು ಹೋಗಿರುವ 2012ರ ಎರಡು ರೂಪಾಯಿ. ಇಸವಿಯ ಅಂಕಿಗಳು ಜೋಡಿಯಾಗಿ ಕಾಣುವ, ಸಿಂಹದ ಪಕ್ಕದಲ್ಲಿ ಗೆರೆಯೊಂದು ಹಾದುಹೋಗಿರುವ ಒಂದು ರೂಪಾಯಿ. ಸಿಂಹವಿರುವ ಮುಖದ ಮೇಲೆ ತಿರುಗುಮುರುಗಾದ ಅಕ್ಷರಗಳು ಒತ್ತಿಕೊಂಡಿರುವ ಹಳದಿ ಬಣ್ಣದ ಐದು ರೂಪಾಯಿ. ಇವು ಲಕ್ಷಾಂತರ ರೂಪಾಯಿ ಬಾಳುತ್ತವೆ ಎಂದು ವಿಡಿಯೊವೊಂದರಲ್ಲಿ ನೋಡಿದ್ದಾಗಿಯೂ ಬರೆದಿದ್ದೀರಿ. ಕುಮಟಾದಲ್ಲಿದ್ದುಕೊಂಡು ಬಹುಕಾಲದಿಂದ ಚಿಲ್ಲರೆಯಲ್ಲಿ ಬರುವ ನಾಣ್ಯಗಳನ್ನು ಹೆಕ್ಕಿ ಪರೀಕ್ಷಿಸುವ ಹವ್ಯಾಸ ನನಗಿರುವುದರಿಂದ ಉತ್ತರಿಸುತ್ತಿದ್ದೇನೆ. ವ್ಯಾಪಾರಿಯಾಗಿ ಅಲ್ಲ.

ನಾಣ್ಯ ತಯಾರಾಗುವ ಕ್ರಮವನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಲೋಹದ ಹಾಳೆಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಯಂತ್ರದಲ್ಲಿ ಹೊರಳಿಸಿ ಅವುಗಳ ಅಂಚನ್ನು ಸ್ವಲ್ಪ ಎತ್ತರಿಸುತ್ತಾರೆ. ಆಮೇಲೆ ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಬಿಲ್ಲೆಯನ್ನಿಟ್ಟು ಮೇಲೊಂದು ಕೆಳಗೊಂದು ಅಚ್ಚಿನಿಂದ ಭಾರಿ ಒತ್ತಡದಲ್ಲಿ ಮುದ್ರೆ ಹಾಕುತ್ತಾರೆ. ಕಣ್ಣಿಗೆ ಬಿದ್ದ ವಿಕಾರವು ಈ ಮೂರು ಹಂತಗಳ ಪೈಕಿ ಯಾವುದರಲ್ಲಿ ಉಂಟಾಗಿರಬಹುದೆಂದು ವಿವರಿಸಲು ಸಾಧ್ಯವಾದರೆ ಮಾತ್ರ ಅದನ್ನು ಟಂಕಸಾಲೆಯ ದೋಷವೆಂದು ಶಂಕಿಸಬಹುದು. ವಿವರಿಸಲು ಆಗದಿದ್ದರೆ ಅದು ಹೊರಗೆ ಬಿದ್ದ ಪೆಟ್ಟೆಂದೇ ತಿಳಿಯಬೇಕು. ನಾಣ್ಯ ಎಷ್ಟು ವಿಚಿತ್ರವಾಗಿದೆ ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ.

ನಿಮ್ಮ ಮೂರರಲ್ಲಿ ನನಗೆ ಆಸಕ್ತಿ ಹುಟ್ಟಿಸಿದ್ದು ಎರಡು ರೂಪಾಯಿಯ ನಾಣ್ಯ. ಲಟ್ಟಿಸಿದ ಹಿಟ್ಟಿನ ಮೇಲೆ ವಾಟಿ ಒತ್ತಿ ಪೂರಿ ಕತ್ತರಿಸುವಾಗ, ಈಗಾಗಲೇ ಕತ್ತರಿಸಿದ ಜಾಗದ ಮೇಲೆ ವಾಟಿಯ ಅಂಚು ಬಿದ್ದರೆ ಪೂರಿಗೆ ಅರ್ಧಚಂದ್ರದ ಕೊರತೆ ಬರುತ್ತದಲ್ಲವೆ? ಹಾಳೆ ಸರಿಯಾಗಿ ಮುಂದೆ ಸರಿಯದಿದ್ದಾಗ ಬಿಲ್ಲೆಗೂ ಹೀಗೆಯೇ ಆಗುತ್ತದೆ. ಸಂಗ್ರಾಹಕರು ಇದನ್ನು ಕ್ಲಿಪ್ ಎನ್ನುತ್ತಾರೆ. ಆದರೆ ಅರದಿಂದ ಉಜ್ಜಿಯೂ ಅಂಥದೇ ಆಕಾರವನ್ನು ತರಬಹುದು. ತೂಕ ನೋಡಿದರೆ ಸಾಕೆಂದು ಹಲವರು ಹೇಳುವುದುಂಟು. ನಿಮ್ಮ ನಾಣ್ಯದ ನಿಗದಿತ ತೂಕ 4.85 ಗ್ರಾಂ, ಆದರೆ ಕ್ಲಿಪ್ ಆದ ನಾಣ್ಯವೂ ಉಜ್ಜಿದ ನಾಣ್ಯವೂ ಅದಕ್ಕಿಂತ ಕಡಿಮೆಯೇ ತೂಗುವುದರಿಂದ ತಕ್ಕಡಿ ಇಲ್ಲಿ ತೀರ್ಪು ಕೊಡಲಾರದು. ನೋಡಬೇಕಾದದ್ದು ಲೋಹ ಹರಿದ ಬಗೆಯನ್ನು. ಮುದ್ರೆ ಬೀಳುವ ಮೊದಲೇ ತುಂಡು ಹೋಗಿದ್ದರೆ, ಒತ್ತಡಕ್ಕೆ ಸಿಕ್ಕ ಲೋಹ ಆ ಖಾಲಿ ಜಾಗದತ್ತ ಹರಿದು, ಅದರ ಸಮೀಪದ ಅಕ್ಷರಗಳು ತುಸು ಎಳೆದಂತಾಗಿ ಕ್ರಮೇಣ ಮಸುಕಾಗುತ್ತವೆ. ಆಮೇಲೆ ಉಜ್ಜಿದ್ದರೆ ಅಕ್ಷರಗಳು ಚೂರಿಯಲ್ಲಿ ಕತ್ತರಿಸಿದಂತೆ ಥಟ್ಟನೆ ನಿಲ್ಲುತ್ತವೆ, ಕತ್ತರಿಸಿದ ಬದಿಯಲ್ಲಿ ಅರದ ಸಣ್ಣ ಗೀರುಗಳೂ ಕಾಣುತ್ತವೆ. ಇನ್ನೊಂದು ಸಾಕ್ಷಿ ತುಂಡಿನ ನೇರ ಎದುರು ಬದಿಯಲ್ಲಿರುತ್ತದೆ. ಬಿಲ್ಲೆಯನ್ನು ಹೊರಳಿಸುವಾಗ ತುಂಡಾದ ಜಾಗದಲ್ಲಿ ಒತ್ತಡ ಸಿಗದ ಕಾರಣ ಅದರ ಎದುರಿನ ಅಂಚೂ ಸರಿಯಾಗಿ ಎತ್ತರವಾಗದೆ ಚಪ್ಪಟೆಯಾಗಿ ಉಳಿಯುತ್ತದೆ. ಬ್ಲೇಕ್ಸ್‌ಲಿ ಪರಿಣಾಮವೆಂದು ಕರೆಯಲಾಗುವ ಈ ಲಕ್ಷಣ ಎಲ್ಲ ಕ್ಲಿಪ್‌ಗಳಲ್ಲೂ ಕಾಣುವುದಿಲ್ಲ, ಆದರೆ ಕಂಡರೆ ಅದಕ್ಕಿಂತ ಬಲವಾದ ಪುರಾವೆ ಅಪರೂಪ. ಈ ನಾಣ್ಯದ ಅಂಚಿನ ಚಿತ್ರವನ್ನು ದಯವಿಟ್ಟು ಹಾಕಿ.

ಒಂದು ರೂಪಾಯಿಯ ಮೇಲಿನ ಗೆರೆಯ ವಿಷಯ ಸುಲಭ. ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಾಗಿ ಮೂಡುತ್ತದೆ. ಆದ್ದರಿಂದ ಅಚ್ಚು ಬಿರುಕುಬಿಟ್ಟಿದ್ದರೆ ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತದೆ, ಗೀರಿದ್ದಾದರೆ ತಗ್ಗಾದ ಗೆರೆಯಿದ್ದು ಅದರ ಇಕ್ಕೆಲದಲ್ಲಿ ಲೋಹ ಎದ್ದಿರುತ್ತದೆ. ಭೂತಗನ್ನಡಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸಿ ನೋಡಿ. ಈಗಿನ ಸ್ಟೇನ್‌ಲೆಸ್ ಸ್ಟೀಲ್ ನಾಣ್ಯಗಳ ಲೋಹ ಗಡುಸಾದ್ದರಿಂದ ಅಚ್ಚುಗಳು ಬಿರಿಯುವುದು ಹೊಸದೇನಲ್ಲ. ಸಣ್ಣ ಬಿರುಕಿನ ನಾಣ್ಯಕ್ಕೆ ಹೆಚ್ಚಿನ ಬೆಲೆ ಬರುವುದಿಲ್ಲ. ಜೋಡಿ ಅಂಕಿಗಳು ಮೆಟ್ಟಿಲಿನಂತೆ ಚಪ್ಪಟೆಯಾಗಿದ್ದು ಮೂಲ ಅಂಕಿಯನ್ನೇ ತೆಳ್ಳಗೆ ಮಾಡಿದ್ದರೆ, ಅದು ಸಡಿಲಗೊಂಡ ಅಚ್ಚು ಮುದ್ರೆಯ ಹೊತ್ತಿಗೆ ಜಾರಿದ್ದರ ಗುರುತು. ಅದನ್ನು ಹಣ ಕೊಟ್ಟು ಕೊಳ್ಳುವವರು ವಿರಳ. ಅಚ್ಚಿನಲ್ಲಿಯೇ ಜೋಡಿಯಾಗಿ ಕೊರೆದುಹೋಗಿದ್ದರೆ ಎರಡೂ ಅಂಕಿಗಳು ದುಂಡಗೆ ಪೂರ್ತಿಯಾಗಿದ್ದು, ಮೂಲೆಗಳಲ್ಲಿ ಸ್ಪಷ್ಟವಾಗಿ ಸೀಳಿರುತ್ತವೆ. ಇಸವಿಯ ಕೆಳಗಿನ ಚುಕ್ಕೆಯನ್ನೂ ದೋಷವೆಂದು ಎಣಿಸುವವರಿದ್ದಾರೆ; ಅದು ನೋಯ್ಡಾ ಟಂಕಸಾಲೆಯ ಗುರುತು. ನಕ್ಷತ್ರ ಹೈದರಾಬಾದಿನದು, ವಜ್ರಾಕೃತಿ ಮುಂಬೈಯದು, ಕೋಲ್ಕತ್ತಾಕ್ಕೆ ಗುರುತಿಲ್ಲ.

ಐದು ರೂಪಾಯಿಯ ಬಗ್ಗೆ ನಿಮಗೆ ನಿರಾಸೆಯಾಗಬಹುದು. ಮುದ್ರೆಯಾದ ನಾಣ್ಯ ಒಂದು ಅಚ್ಚಿಗೆ ಅಂಟಿಕೊಂಡು ಉಳಿದಾಗ, ಮುಂದಿನ ಬಿಲ್ಲೆಯ ಒಂದು ಮುಖಕ್ಕೆ ಅಚ್ಚಿನ ಬದಲು ಆ ನಾಣ್ಯವೇ ಒತ್ತಿ, ಒಂದೇ ಚಿತ್ರ ಒಂದು ಕಡೆ ಉಬ್ಬಾಗಿಯೂ ಇನ್ನೊಂದು ಕಡೆ ತಿರುಗುಮುರುಗಾಗಿ ತಗ್ಗಾಗಿಯೂ ಬರುತ್ತದೆ. ಇದು ಬ್ರೊಕೇಜ್, ನಮ್ಮ ದೇಶದ ನಾಣ್ಯ ವ್ಯಾಪಾರಿಗಳ ಬಾಯಲ್ಲಿ ಲಖಿ. ಅಂಟಿಕೊಂಡ ನಾಣ್ಯ ಆ ಕಡೆಯ ಅಚ್ಚನ್ನು ಪೂರ್ತಿ ಮುಚ್ಚಿದ್ದರೆ ತಗ್ಗು ಚಿತ್ರವಿರುವ ಮುಖದಲ್ಲಿ ಬೇರೆ ಉಬ್ಬು ಚಿತ್ರ ಇರಲಾರದು, ಇನ್ನೊಂದು ಮುಖವೂ ಚೊಕ್ಕವಾಗಿರುತ್ತದೆ. ನಿಮ್ಮ ಚಿತ್ರದಲ್ಲಿ ಸಿಂಹ ಜಜ್ಜಿಹೋಗಿಯೂ ಉಳಿದಿದೆ, ಅದರ ಮೇಲೆ ಅಕ್ಷರಗಳು ಓರೆಯಾಗಿ ಕೂತಿವೆ, ಹಿಂಬದಿಯ 5ರ ಅಂಕಿ ಚಪ್ಪಟೆಯಾಗಿದೆ. ಎರಡು ನಾಣ್ಯಗಳನ್ನು ಜೋಡಿಸಿ ವೈಸ್‌ನಲ್ಲಿ ಬಿಗಿದರೆ ಅಥವಾ ಸುತ್ತಿಗೆಯಿಂದ ಹೊಡೆದರೆ ಆಗುವುದು ಇದೇ.

ನಮ್ಮ ಭಾಗದಲ್ಲಿ ಮೋಸಗೊಳಿಸುವ ಹಾನಿಗಳು ಇನ್ನೂ ಕೆಲವಿವೆ. ಕೊಂಕಣ ರೈಲಿನ ಹಳಿಯ ಮೇಲೆ ಹುಡುಗರು ಇಡುವ ನಾಣ್ಯ ಅಗಲವಾಗಿ, ಕಾಲರ್ ಇಲ್ಲದೆ ಮುದ್ರೆಯಾದ ನಾಣ್ಯದಂತೆ ತೋರುತ್ತದೆ. ಆದರೆ ಹಳಿಯ ನಾಣ್ಯದ ಚಿತ್ರ ಒಂದೇ ದಿಕ್ಕಿಗೆ ಎಳೆದಿರುತ್ತದೆ, ಇನ್ನೊಂದರ ನಡುಭಾಗ ಎಂದಿನಂತೆ ಇರುತ್ತದೆ. ಉಪ್ಪುಗಾಳಿಗೆ ಹಳೆಯ ಅಲ್ಯೂಮಿನಿಯಂ ಹತ್ತು ಪೈಸೆ, ಇಪ್ಪತ್ತು ಪೈಸೆಗಳು ತೂತುತೂತಾಗುತ್ತವೆ. ಅದು ಲೋಹದ ದೋಷವಲ್ಲ, ಸವಕಳಿ. ಶಿರಸಿಯ ಮಾರಿಕಾಂಬಾ ಜಾತ್ರೆಯಂಥ ಸಂದರ್ಭಗಳ ಕಾಣಿಕೆಯ ನಾಣ್ಯಗಳಲ್ಲಿ ಕುಂಕುಮ, ಎಣ್ಣೆ ಗಟ್ಟಿಯಾಗಿ ಅಕ್ಷರ ಮುಚ್ಚಿರುವುದುಂಟು; ಅಚ್ಚಿನಲ್ಲಿ ಜಿಡ್ಡು ತುಂಬಿ ಅಕ್ಷರವೇ ಮೂಡದ ನಾಣ್ಯವೆಂದು ಅದನ್ನು ಮಾರಲು ಬರುತ್ತಾರೆ. ಬರಿಯ ನೀರಿನಲ್ಲಿ ನೆನೆಸಿದರೆ ಸತ್ಯ ಹೊರಬೀಳುತ್ತದೆ. ಹುಣಸೆಹಣ್ಣು ಹಚ್ಚಿ ಉಜ್ಜುವುದು ಬೇಡ, ನಿಜವಾದ ದೋಷವಿದ್ದರೂ ಬೆಲೆ ಕೆಡುತ್ತದೆ.

ನಿಮಗೆ ಆಸಕ್ತಿ ಉಳಿದಿದ್ದರೆ ತಿರುಗಿದ ಅಚ್ಚಿನ ನಾಣ್ಯಗಳನ್ನು ಹುಡುಕಿ. ನನ್ನ ದೃಷ್ಟಿಯಲ್ಲಿ ಅಂಗಡಿಯವರಿಗೆ ಅದೇ ಸೂಕ್ತ. ಸಿಂಹವನ್ನು ನೆಟ್ಟಗೆ ಹಿಡಿದು ಪುಸ್ತಕದ ಹಾಳೆಯಂತೆ ಮಗುಚಿದರೆ ನಮ್ಮ ನಾಣ್ಯಗಳ ಹಿಂಬದಿಯೂ ನೆಟ್ಟಗೇ ಇರಬೇಕು. ಅದು ಗಣನೀಯವಾಗಿ ವಾಲಿದ್ದರೆ ದೋಷ ಟಂಕಸಾಲೆಯದೇ, ಏಕೆಂದರೆ ಒಂದೇ ಲೋಹದ ನಾಣ್ಯದಲ್ಲಿ ಯಾವ ಪೆಟ್ಟೂ ಹೀಗೆ ಮಾಡಲಾರದು.

ಇನ್ನು ಬೆಲೆಯ ವಿಚಾರ. ನಾಣ್ಯ ಕೊಳ್ಳುತ್ತೇವೆಂದು ಹೇಳಿ ಮೊದಲು ಕಮಿಷನ್ನು, ತೆರಿಗೆ ಎಂದು ಹಣ ಕೇಳುವವರ ವಿರುದ್ಧ ರಿಸರ್ವ್ ಬ್ಯಾಂಕ್ 2021ರಲ್ಲೇ ಸಾರ್ವಜನಿಕರನ್ನು ಎಚ್ಚರಿಸಿದೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅದರ ಅಧಿಕಾರ ಕೊಟ್ಟಿಲ್ಲ ಎಂದೂ ತಿಳಿಸಿದೆ. ವಿಡಿಯೊದಲ್ಲಿದ್ದ ಫೋನ್ ನಂಬರಿಗೆ ಕರೆ ಮಾಡಬೇಡಿ. ಎರಡು ರೂಪಾಯಿಯನ್ನು ಕಾಗದದ ಲಕೋಟೆಯಲ್ಲಿ ಬೇರೆಯಾಗಿ ಇಡಿ, ಉಳಿದೆರಡರಿಂದ ಹಣದ ನಿರೀಕ್ಷೆ ಬೇಡ.