ಯಾರು ಮಾಡಿದ್ದು?

ನಮಸ್ಕಾರ. ವಿಜ್ಞಾನ ಪ್ರಕಟಣೆಯ ನೀತಿ ನಿಯಮಗಳ ಬಗ್ಗೆ ನೀವು ಕಳಿಸಿದ ಲೇಖನ ತಲುಪಿತು. ಎರಡು ಸಲ ಓದಿದೆ. ವಿಷಯ ಒಳ್ಳೆಯದು, ಕಾಗುಣಿತ ಶುದ್ಧವಾಗಿದೆ, ಹೇಳಿದ ಪುಟಗಳನ್ನು ಮೀರಿಲ್ಲ. ಹೊಗಳಿಕೆ ಇಷ್ಟೇ. ಹೀಗೇ ಅಚ್ಚು ಹಾಕಲು ಆಗುವುದಿಲ್ಲ. ಕೃತಿಚೌರ್ಯದ ಭಾಗ, ದುಡ್ಡು ಕೊಟ್ಟರೆ ಏನು ಬೇಕಾದರೂ ಛಾಪಿಸುವ ಜರ್ನಲ್‌ಗಳ ಭಾಗ, ಅವನ್ನೆಲ್ಲ ಈಗ ಮುಟ್ಟುವುದಿಲ್ಲ. ನನ್ನ ತಲೆ ತಿಂದದ್ದು ನಿಮ್ಮ 'ಲಾಯಿತು', ಮಾಡಿದವರು ಯಾರೆಂದು ಹೇಳದ ಆ ಕ್ರಿಯಾಪದ.

ಮೂರನೇ ಪುಟದಲ್ಲಿ ಹೀಗಿದೆ: "1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎಂಎಂಆರ್ ಲಸಿಕೆಯ ಕುರಿತು ತಪ್ಪು ಮಾಹಿತಿಯನ್ನು ಪ್ರಕಟಿಸಲಾಯಿತು. ನಂತರ ಅದನ್ನು ಹಿಂಪಡೆಯಲಾಯಿತು."

ಲ್ಯಾನ್ಸೆಟ್ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ, ಎಂಎಂಆರ್ ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಲಸಿಕೆ. ಸರಿ, ಯಾರು ಬರೆದರು? ಯಾರು ಹಿಂಪಡೆದರು? ತಾನಾಗಿಯೇ ಬಂದು ತಾನಾಗಿಯೇ ಹೋಯಿತಾ? ಬರೆದವರು ಆಂಡ್ರ್ಯೂ ವೇಕ್‌ಫೀಲ್ಡ್, ಜೊತೆಗೆ 12 ಸಹಲೇಖಕರು. ನೋಡಿದ್ದು ಬರೀ 12 ಮಕ್ಕಳನ್ನು. ಲಸಿಕೆ ಕಂಪನಿಗಳ ಮೇಲೆ ಕೇಸು ಹಾಕಲು ಹೊರಟಿದ್ದ ವಕೀಲರ ಕಡೆಯಿಂದ ವೇಕ್‌ಫೀಲ್ಡ್‌ಗೆ ಹಣ ಬಂದಿತ್ತು. ಅದನ್ನು ಆ ಸಂಶೋಧನಾ ಪೇಪರ್‌ನಲ್ಲಿ ಹೇಳಿರಲಿಲ್ಲ. 2004ರಲ್ಲಿ ಅದನ್ನು ಬಯಲಿಗೆಳೆದದ್ದು ಬ್ರಿಯಾನ್ ಡೀರ್ ಎಂಬ ಪತ್ರಕರ್ತ. ಅದೇ ವರ್ಷ ಸಹಲೇಖಕರಲ್ಲಿ 10 ಜನ, ಲಸಿಕೆಗೂ ಆಟಿಸಂಗೂ ನಂಟು ಹಚ್ಚಿದ ಆ ವ್ಯಾಖ್ಯಾನದಿಂದ ಹಿಂದೆ ಸರಿಯುತ್ತೇವೆ ಎಂದು ಬರೆದುಕೊಟ್ಟರು. ಲ್ಯಾನ್ಸೆಟ್ ಪೇಪರನ್ನು ಪೂರ್ತಿ ಹಿಂಪಡೆದದ್ದು 2010ರ ಫೆಬ್ರವರಿಯಲ್ಲಿ. ನಿಮ್ಮ 'ನಂತರ' ಅನ್ನುವ ಮೂರಕ್ಷರದೊಳಗೆ ಹನ್ನೆರಡು ವರ್ಷ ಮುಚ್ಚಿಹೋಗಿದೆ. ಅಷ್ಟು ವರ್ಷವೂ ಅಪ್ಪ ಅಮ್ಮಂದಿರು ಅದನ್ನು ನಂಬಿ ಮಕ್ಕಳಿಗೆ ಲಸಿಕೆ ತಪ್ಪಿಸುತ್ತಿದ್ದರು.

'ದ್ರಾವಣವನ್ನು ಕಾಯಿಸಲಾಯಿತು' ಎಂದು ಬರೆಯಿರಿ, ನನ್ನ ತಕರಾರಿಲ್ಲ. ಯಾರು ಕಾಯಿಸಿದರೂ ಅದು ಕಾಯುತ್ತದೆ. ಆದರೆ ತಪ್ಪು ನಡೆದ ಕಡೆ ಈ ರೂಪ ಬಂದರೆ ನನಗೆ ಅನುಮಾನ ಶುರುವಾಗುತ್ತದೆ. ಮನೆಯಲ್ಲಿ 'ಗಾಜು ಒಡೆಯಲಾಯಿತು' ಎಂದು ಯಾರಾದರೂ ಹೇಳುತ್ತಾರಾ? ಒಡೆದವನು 'ಒಡೆದುಹೋಯ್ತು' ಅನ್ನುತ್ತಾನೆ. ನೋಡಿದವರು 'ಇವನೇ ಒಡೆದದ್ದು' ಅನ್ನುತ್ತಾರೆ. ನೀವು ನೋಡಿದವರ ಸಾಲಿನಲ್ಲಿ ನಿಲ್ಲಬೇಕು, ಅಲ್ವಾ?

ಈ ಕಾಯಿಲೆ ನನಗೂ ಇತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪ್ರಯೋಗದ ಬಗ್ಗೆ ಎರಡು ಪುಟ ಬರೆದು ಹಿರಿಯ ಸಂಪಾದಕರ ಮೇಜಿನ ಮೇಲಿಟ್ಟೆ. ವಾಪಸು ಬಂದಾಗ ಅಂಚಿನಲ್ಲಿ ಒಂಬತ್ತು ಕಡೆ ಕೆಂಪು ಶಾಯಿಯಲ್ಲಿ ಒಂದೇ ಪದ: 'ಯಾರು?' ನನಗೆ ಸಿಟ್ಟು ಬಂತು. ವಿಜ್ಞಾನದ ಭಾಷೆ ಇರುವುದೇ ಹೀಗೆ ಸಾರ್ ಎಂದೆ. ಅವರು ಮಾತಾಡಲಿಲ್ಲ, ಫೋನನ್ನು ನನ್ನ ಕಡೆ ತಳ್ಳಿದರು. ಆ ಪ್ರಯೋಗದ ಪೇಪರ್ ಬರೆದವರಿಗೇ ಫೋನ್ ಮಾಡಿ ಕೇಳಿದೆ, 'ಉಷ್ಣತೆಯನ್ನು ಅಳೆಯಲಾಯಿತು' ಅಂತಿದೆಯಲ್ಲ, ಅಳೆದದ್ದು ಯಾರು? ಸ್ವಲ್ಪ ಹೊತ್ತು ಸದ್ದಿಲ್ಲ. ರಾತ್ರಿಯೆಲ್ಲ ಎಚ್ಚರವಿದ್ದು ಅರ್ಧ ಗಂಟೆಗೊಮ್ಮೆ ಅಂಕಿ ಬರೆದುಕೊಂಡವರು ಒಬ್ಬ ಲ್ಯಾಬ್ ಸಹಾಯಕಿ. ಅವರ ಹೆಸರು ಲೇಖಕರ ಪಟ್ಟಿಯಲ್ಲಿರಲಿಲ್ಲ. ಕೊನೆಯ ಕೃತಜ್ಞತೆಯ ಸಾಲಲ್ಲೂ ಇರಲಿಲ್ಲ. ಆವತ್ತಿನಿಂದ ಆ ಕೆಂಪು ಪೆನ್ನು ನನ್ನ ಕೈಗೂ ಅಂಟಿಕೊಂಡಿದೆ.

ಈಗ ಎರಡನೇ ವಿಷಯ. ಇದು ನನಗೆ ಇನ್ನೂ ಜಾಸ್ತಿ ಚುಚ್ಚಿತು. ಲೇಖನದ ತಲೆಯ ಮೇಲೆ ಎರಡು ಹೆಸರಿವೆ. ಮೊದಲನೆಯದು ನಿಮ್ಮ ಗೈಡ್‌ದು, ಎರಡನೆಯದು ನಿಮ್ಮದು. ಜೊತೆಗಿಟ್ಟ ಪತ್ರದಲ್ಲಿ ನೀವೇ ಬರೆದಿದ್ದೀರಿ: "ಸರ್ ಇನ್ನೂ ಓದಿಲ್ಲ. ಅವರ ಹೆಸರಿದ್ದರೆ ತೂಕ ಬರುತ್ತದೆ ಎಂದು ಹಾಕಿದ್ದೇನೆ." ಪ್ರಾಮಾಣಿಕವಾಗಿ ಹೇಳಿದ್ದೀರಿ, ಸಂತೋಷ. ಆದರೆ ನಿಮ್ಮದೇ ಐದನೇ ಪುಟ ತೆಗೆಯಿರಿ: "ಕೊಡುಗೆ ಇಲ್ಲದವರ ಹೆಸರು ಸೇರಿಸುವುದನ್ನು ಅನೈತಿಕ ಎಂದು ಪರಿಗಣಿಸಲಾಗಿದೆ."

ಪರಿಗಣಿಸಿದ್ದು ಯಾರು? ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿ, ಐಸಿಎಂಜೆಇ. ಅವರ ಪ್ರಕಾರ ಲೇಖಕ ಅನ್ನಿಸಿಕೊಳ್ಳಲು ಕೆಲಸದಲ್ಲಿ ನಿಜವಾದ ಪಾಲಿರಬೇಕು, ಬರೆದಿರಬೇಕು ಇಲ್ಲವೇ ಗಂಭೀರವಾಗಿ ತಿದ್ದಿರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ನಾಲ್ಕನೆಯದನ್ನು 2013ರಲ್ಲಿ ಸೇರಿಸಿದರು: ಕೆಲಸದ ಎಲ್ಲ ಅಂಶಗಳಿಗೂ ಉತ್ತರ ಕೊಡಲು ಸಿದ್ಧರಿರಬೇಕು. ನಾಲ್ಕೂ ಬೇಕು. ಬರೀ ಹಣ ತಂದುಕೊಟ್ಟರೆ, ಸುಮ್ನೆ ಮೇಲ್ವಿಚಾರಣೆ ಮಾಡಿದರೆ ಸಾಲದು. ನಿಮ್ಮದು ಸಂಶೋಧನಾ ಪೇಪರ್ ಅಲ್ಲ, ಗೊತ್ತು. ಆದರೂ ಓದದವರ ಹೆಸರು ಯಾವ ಬರಹದ ಮೇಲೂ ಬೇಡ.

ಉತ್ತರ ಕೊಡುವ ಹೊತ್ತು ಹೇಗೆ ಬರುತ್ತದೆ ಗೊತ್ತಾ? 2020ರ ಮೇ ತಿಂಗಳಲ್ಲಿ ಲ್ಯಾನ್ಸೆಟ್‌ನಲ್ಲೇ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧವನ್ನು ಕೋವಿಡ್‌ಗೆ ಕೊಟ್ಟರೆ ಅಪಾಯ ಎನ್ನುವ ಒಂದು ಪೇಪರ್ ಬಂತು. 96 ಸಾವಿರ ರೋಗಿಗಳ ಡೇಟಾ ಎಂದು ಹೇಳಿಕೊಂಡಿತ್ತು. ಲೇಖಕರು ನಾಲ್ವರು. ಡೇಟಾ ಸರ್ಜಿಸ್ಫಿಯರ್ ಎಂಬ ಕಂಪನಿಯದು, ಅದರ ಸ್ಥಾಪಕ ಆ ನಾಲ್ವರಲ್ಲಿ ಒಬ್ಬರು. ಪ್ರಶ್ನೆಗಳು ಏಳುತ್ತಿದ್ದಂತೆ ಉಳಿದ ಮೂವರು ಹೊರಗಿನವರಿಂದ ಮೂಲ ಡೇಟಾ ಪರೀಕ್ಷೆ ಮಾಡಿಸಲು ಹೊರಟರು. ಕಂಪನಿ ಪೂರ್ತಿ ಡೇಟಾ ಕೊಡಲಿಲ್ಲ. ಇದು ನಿಜ ಎಂದು ನಾವು ಹೇಳಲಾರೆವು ಎಂದು ಆ ಮೂವರೇ ಜೂನ್ 4ರಂದು ಪೇಪರ್ ಹಿಂಪಡೆದರು. ಅಷ್ಟರಲ್ಲಿ ಅದನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಪ್ರಯೋಗವನ್ನು ಕೆಲವು ದಿನ ನಿಲ್ಲಿಸಿಯೂ ಆಗಿತ್ತು. ಹೆಸರು ಹಾಕುವ ಮುಂಚೆ ಕೇಳಬೇಕಿದ್ದನ್ನು ಹೆಸರು ಅಚ್ಚಾದ ಮೇಲೆ ಕೇಳಿದರು.

ಈ ಪತ್ರವನ್ನು ನಿಮ್ಮ ಗೈಡ್‌ಗೆ ಕಳಿಸುತ್ತಿಲ್ಲ. ನೀವೇ ಲೇಖನ ಕೊಟ್ಟು, ನಿಮ್ಮ ಹೆಸರು ಹಾಕಿಬಿಟ್ಟಿದ್ದೆ ಸಾರ್ ಎಂದು ಹೇಳಿ. ಅವರು ಓದಿ, ತಿದ್ದಿ, ಓದುಗರು ಪ್ರಶ್ನೆ ಕೇಳಿದರೆ ನಾನೂ ಉತ್ತರಿಸುತ್ತೇನೆ ಎಂದರೆ ಎರಡು ಹೆಸರೂ ಇರಲಿ. ಇಲ್ಲದಿದ್ದರೆ ನಿಮ್ಮದೊಂದೇ ಸಾಕು, ತೂಕ ನಾನು ನೋಡಿಕೊಳ್ಳುತ್ತೇನೆ. ಐದನೇ ಪುಟದ ಆ ಸಾಲನ್ನು ಮಾತ್ರ ತೆಗೆಯಬೇಡಿ. ಕ್ರಿಯಾಪದ ಬದಲಿಸಿ ಕಳಿಸಿ.